ಯಾದಿ ಕಾಯುತ್ತಿದ್ದವರು

ಅವರು ತೀರಿಕೊಂಡರೆಂದು ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಬಂದಾಗ ನಾನು ಮೊದಲು ಇನ್ನಿಬ್ಬರಿಗೆ ಫೋನ್ ಮಾಡಿ ಸುದ್ದಿ ನಿಜವೇ ಎಂದು ಕೇಳಿದೆ. ಮೂರನೆಯವರಿಗೂ ಮಾಡುವವಳಿದ್ದೆ, ಅಷ್ಟರಲ್ಲಿ ತೀರಿಕೊಂಡವರ ಮನೆಯಿಂದಲೇ ಫೋನ್ ಬಂತು. ಇದೆಂಥ ಕಲ್ಲುಮನಸ್ಸು ಎಂದು ಯಾರಿಗಾದರೂ ಅನ್ನಿಸಿದರೆ, ಅವರು ಆ ಮನುಷ್ಯನನ್ನು ಕಂಡವರಲ್ಲ. ಆ ಹಿರಿಯರೇ ನನ್ನ ಜಾಗದಲ್ಲಿದ್ದಿದ್ದರೆ ನಾಲ್ಕು ಜನರನ್ನು ವಿಚಾರಿಸಿ, ಪೇಪರಿನಲ್ಲಿ ಬರುವ ತನಕ ಕಾದು, ಪೇಪರಿನಲ್ಲಿ ವಯಸ್ಸು ತಪ್ಪಾಗಿ ಬಿದ್ದಿದೆ ಎಂದು ಪೆನ್ಸಿಲ್ಲಿನಿಂದ ತಿದ್ದಿ, ಆಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಪುಣೆಯ ಕನ್ನಡ ಮಂದಿ ವರ್ಷಕ್ಕೊಮ್ಮೆ ತರುವ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಕೇಳಿದ್ದಾರೆ. ಕೇಳಿದವರಿಗೆ ಗೊತ್ತಿರುವುದು ಇಷ್ಟೇ: ಅವರು ಧಾರವಾಡದ ಕಡೆಯವರು, ಇಲ್ಲಿನ ಒಂದು ಖಗೋಳ ಸಂಸ್ಥೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದರು, ನಾನು ಅವರ ಕೈಕೆಳಗೆ ಕೆಲಸ ಕಲಿತೆ, ಮತ್ತು ಬೀಳ್ಕೊಡುಗೆಯ ದಿನ ಅವರು ಎಲ್ಲರೆದುರು ನನ್ನನ್ನು ಹೊಗಳಿದರು. "ಆ ಹೊಗಳಿದ್ದನ್ನ ಬರೀರಿ, ನಮ್ಮ ಹುಡುಗ್ಯಾರಿಗೆ ಹುರುಪು ಬರ್ತದ" ಎಂದರು ಸಂಪಾದಕರು. ಬರೆಯುತ್ತೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಜನ ಇನ್ನೂ ಹನ್ನೊಂದು ಹೆಸರುಗಳನ್ನು ಹುಡುಕಲು ಶುರುಮಾಡುತ್ತಾರೆ. ಆಫೀಸಿನಲ್ಲಿ ಎಲ್ಲರೂ ಅವರಿಗೆ ಸರ್ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ಸರ್ ಪ್ರೊಫೆಸರ್ ಅಲ್ಲ, ಡಾಕ್ಟರೇಟ್ ಮಾಡಿದವರೂ ಅಲ್ಲ. ತಾಂತ್ರಿಕ ಸಹಾಯಕ ಎಂದು ಸೇರಿ, ಅದಕ್ಕಿಂತ ಒಂದೇ ಮೆಟ್ಟಿಲು ಮೇಲೆ ನಿವೃತ್ತರಾದರು. ಅವರ ಕೆಲಸ ಒಂದು ಯಾದಿಯನ್ನು ಕಾಯುವುದು. ಉಳಿದವರು ಕ್ಯಾಟಲಾಗ್ ಎನ್ನುತ್ತಿದ್ದುದನ್ನು ಅವರು ಯಾದಿ ಎನ್ನುತ್ತಿದ್ದರು, ಕಿರಾಣಿ ಯಾದಿ ಎಂದ ಹಾಗೆ. ಅದರಲ್ಲಿ ಇದ್ದದ್ದು ಗೆಲಾಕ್ಸಿಗಳು. ಅದೂ ಸಿಕ್ಕ ಸಿಕ್ಕ ಗೆಲಾಕ್ಸಿಗಳಲ್ಲ, ಇರಬೇಕಾದುದಕ್ಕಿಂತ ಹೆಚ್ಚು ಅತಿನೇರಳೆ ಬೆಳಕು ಸೂಸುವಂಥವು. ಆ ಬೆಳಕು ಹೆಚ್ಚಿದೆಯೆಂದರೆ ಅಲ್ಲಿ ಹೊಸ ತಾರೆಗಳು ಬಿಸಿಬಿಸಿಯಾಗಿ ಹುಟ್ಟುತ್ತಿರಬೇಕು, ಇಲ್ಲವೇ ನಡುವಿನ ಕಪ್ಪುಕುಳಿ ಸುತ್ತಲಿನದನ್ನು ನುಂಗುತ್ತಿರಬೇಕು. ದೊಡ್ಡ ದೂರದರ್ಶಕ ಇಟ್ಟುಕೊಂಡವರು ಎತ್ತ ತಿರುಗಿಸಬೇಕೆಂದು ತಿಳಿಯಲು ಇಂಥ ಯಾದಿಗಳನ್ನು ತೆರೆಯುತ್ತಾರೆ. ಹಿಂದೆ ಆಕಾಶದ ಫೋಟೊವನ್ನು ಗಾಜಿನ ಫಲಕದ ಮೇಲೆ ತೆಗೆದು, ಭೂತಗನ್ನಡಿ ಹಿಡಿದು ಒಂದೊಂದನ್ನೇ ಆರಿಸುತ್ತಿದ್ದರು. ಈಗ ಉಪಗ್ರಹದ ಚಿತ್ರಗಳು ಬರುತ್ತವೆ, ಕಂಪ್ಯೂಟರ್ ಆರಿಸುತ್ತದೆ. ಆದರೂ ಅದು ಆರಿಸಿದ್ದನ್ನು ಒಬ್ಬ ಮನುಷ್ಯ ಕಣ್ಣಿಟ್ಟು ನೋಡಬೇಕು, ಯಾಕೆಂದರೆ ಬೆಳಕು ಆ ಗೆಲಾಕ್ಸಿಯದೇ ಆಗಿರಬೇಕೆಂದಿಲ್ಲ. ನಮ್ಮದೇ ಆಕಾಶಗಂಗೆಯ ಯಾವುದೋ ಬಿಸಿ ನೀಲಿ ತಾರೆ ದಾರಿಯಲ್ಲಿ ಅಡ್ಡ ನಿಂತಿರಬಹುದು. ನೋಡುವವರಿಗೆ ಎರಡೂ ಒಂದೇ ಜಾಗದಲ್ಲಿ ಕಾಣುತ್ತವೆ.

"ಮುಂದ ನಿಂತಾವನ ಬೆಳಕನ್ನ ಹಿಂದ ನಿಂತಾವನ ಹೆಸರಿಗೆ ಬರೀಬಾರದ್ರಿ. ಇಷ್ಟ ನಮ್ಮ ಕೆಲಸ. ಉಳದದ್ದನ್ನ ಪ್ರಿಂಟರ್ ಮಾಡ್ತದ" ಎಂದು ಮೊದಲ ದಿನವೇ ಹೇಳಿದ್ದರು.

ಸಂಶಯ ಅವರ ಕಸುಬು. ಕಸುಬು ಮನೆಯ ತನಕ ಹಿಂಬಾಲಿಸಿ ಹೋಗಿತ್ತು ಅಷ್ಟೆ. ಧನಕವಡಿಯಲ್ಲಿ ಅವರ ಮನೆ, ಮೂವತ್ತು ವರ್ಷದಿಂದ ಅದೇ ಬಸ್ಸು. ಆದರೂ ಹತ್ತುವ ಮೊದಲು ಬೋರ್ಡು ಓದಿ, ಕಂಡಕ್ಟರನನ್ನು "ಧನಕವಡೀ ಜಾಣಾರ ನಾ?" ಎಂದು ಕೇಳಿ, ಒಳಗೆ ಕೂತವರಲ್ಲಿ ಒಬ್ಬರನ್ನು ಮತ್ತೆ ಕೇಳುತ್ತಿದ್ದರು. ಒಮ್ಮೆ ಕಂಡಕ್ಟರ್ ರೇಗಿ "ಕಾಕಾ, ಕಾಲ್ ಪಣ್ ಗೇಲೀ ಹೋತೀ" ಎಂದನಂತೆ, ನಿನ್ನೆಯೂ ಹೋಗಿತ್ತಲ್ಲ ಎಂದು. "ನಿನ್ನಿ ಹೋದದ್ದು ಇವತ್ತಿಗೆ ಪುರಾವೆ ಆಗೂದಿಲ್ಲ" ಎಂದು ಸರ್ ಮರುದಿನ ನಮಗೆ ಹೇಳಿದರು. ಕಂಡಕ್ಟರನಿಗೆ ಹೇಳುವ ಧೈರ್ಯ ಇರಲಿಲ್ಲ ಅಂತ ಕಾಣುತ್ತದೆ.

ಯಾರಾದರೂ ಮದುವೆಯ ಕಾರ್ಡು ಕೊಟ್ಟರೆ ಡ್ರಾವರಿನಿಂದ ಪಂಚಾಂಗ ತೆಗೆದು, ತಿಥಿಗೂ ವಾರಕ್ಕೂ ತಾಳೆ ನೋಡಿ, ಆಮೇಲೆ "ಬರ್ತೀನ್ರಿ" ಎನ್ನುತ್ತಿದ್ದರು. ಒಂದು ಸಲ ನಿಜವಾಗಿಯೂ ತಪ್ಪು ಸಿಕ್ಕಿಬಿಟ್ಟಿತು. ಆ ಮನೆಯವರು ಕಾರ್ಡು ವಾಪಸು ಇಸಿದುಕೊಂಡು, ಹೊಸದಾಗಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿ, ಇವರಿಗೆ ಮಾತ್ರ ಕೊಡುವುದನ್ನು ಮರೆತರು. ತಮ್ಮ ಹುಟ್ಟುಹಬ್ಬವನ್ನೂ ಅವರು ನಂಬುತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಎಲ್ಲ ಹುಡುಗರಿಗೂ ಬರೆದ ಹಾಗೆ ಇವರಿಗೂ ಜೂನ್ ಒಂದು ಎಂದು ಬರೆದಿದ್ದರಂತೆ. "ನಾ ರಿಟೈರ್ ಆಗೂ ದಿನಾನೂ ಸುಳ್ಳನ ನೋಡ್ರಿ. ಖರೇ ದಿನ ಆಗಿ ಹೋಗೇದೋ, ಇನ್ನೂ ಬರೂದದನೋ" ಎಂದು ನಗುತ್ತಿದ್ದರು.

ನಾನೂ ಕಡಿಮೆಯವಳಲ್ಲ. ಯಾದಗಿರಿ ಕಡೆಯಿಂದ ಬಂದು ಕೊಂಢವಾದಲ್ಲಿ ಗೌಂಡಿ ಕೆಲಸ ಮಾಡಿಕೊಂಡಿರುವವನು ನಮ್ಮಪ್ಪ. ಯಾರಾದರೂ ಸಿಹಿಯಾಗಿ ಮಾತಾಡಿದರೆ 'ಇವನಿಗೇನು ಬೇಕಾಗಿದೆ' ಎಂಬುದೇ ನಮ್ಮ ಮನೆಯ ಮೊದಲ ಪ್ರಶ್ನೆ. ಬಿ.ಎಸ್ಸಿ. ಮುಗಿಸಿ ಒಂದು ವರ್ಷದ ಗುತ್ತಿಗೆಯ ಮೇಲೆ ಈ ಕೆಲಸಕ್ಕೆ ಸೇರಿದಾಗ, ನಮ್ಮ ವಂಶದಲ್ಲೇ ಫ್ಯಾನಿನ ಕೆಳಗೆ ಕೂತು ದುಡಿದ ಮೊದಲಿಗಳು ನಾನು. ವರ್ಷದ ಕೊನೆಗೆ ಸರ್ ನನ್ನ ಬಗ್ಗೆ ಒಂದು ಒಳ್ಳೆಯ ಸಾಲು ಬರೆದರೆ ಉಳಿಯುತ್ತಿದ್ದೆ. ಬರೆಯದಿದ್ದರೆ ಇಂದಾಪುರದಲ್ಲಿ ಕಬ್ಬಿನ ಲಾರಿ ಓಡಿಸುವ ಸೋದರಮಾವನ ಮಗ ಇದ್ದೇ ಇದ್ದ. ಅವ್ವ ಆಗಲೇ ಸೀರೆಯ ಬಣ್ಣದ ಮಾತು ಎತ್ತಿದ್ದಳು.

ಹೀಗೆ ಇಬ್ಬರು ಅನುಮಾನಪಿಶಾಚಿಗಳು ಒಂದೇ ಕೋಣೆಯಲ್ಲಿ ಕೂತೆವು. ನಾನು ಮರಳಿಸಿದ ಹಾಳೆಗಳನ್ನು ಅವರು ಎಣಿಸಿ ತೆಗೆದುಕೊಂಡಾಗ, ಗೌಂಡಿಯ ಮಗಳು ಕದ್ದಾಳು ಎಂದುಕೊಂಡಿದ್ದಾರೆ ಎಂದು ಒಳಗೊಳಗೇ ಉರಿದೆ. ಒಂದು ವಾರದ ಮೇಲೆ ನಿರ್ದೇಶಕರೇ ತಂದುಕೊಟ್ಟ ಹಾಳೆಗಳನ್ನೂ ಅವರೆದುರೇ ಎಣಿಸಿದ್ದು ನೋಡಿ ತಣ್ಣಗಾದೆ. ಆಗಾಗ ಬಂದು ನನ್ನ ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದರು. ನಾನು ಬ್ಯಾಗು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಅವರು ನೋಡುತ್ತಿದ್ದದ್ದು ಅಲ್ಲಿದ್ದ ರಟ್ಟಿನ ಡಬ್ಬಿಯನ್ನು. ಒಂದು ಮಗ್ಗುಲಷ್ಟೇ ಅಚ್ಚಾಗಿ ಇನ್ನೊಂದು ಮಗ್ಗುಲು ಖಾಲಿ ಉಳಿದ ಕಾಗದಕ್ಕೆ ಮರಾಠಿಯವರು ಪಾಠಕೋರಾ ಎನ್ನುತ್ತಾರೆ. ಅಂಥ ಕಾಗದವನ್ನು ಯಾರೂ ಎಸೆಯಬಾರದು, ಆ ಡಬ್ಬಿಗೆ ಹಾಕಬೇಕು. ಸರ್ ಮಾಡುವ ಗಣಿತ, ಸಭೆಯ ಟಿಪ್ಪಣಿ, ಮನೆಗೆ ಒಯ್ಯಬೇಕಾದ ಗುಳಿಗೆಗಳ ಹೆಸರು, ಎಲ್ಲವೂ ಪಾಠಕೋರಾದ ಬೆನ್ನ ಮೇಲೆಯೇ. ನಾಲ್ಕು ತಿಂಗಳಲ್ಲಿ ನನ್ನ ಕೈಗೂ ಆ ರೂಢಿ ಹತ್ತಿಬಿಟ್ಟಿತು.

ಹೊಸದಾಗಿ ಬಂದವರಿಗೆ ಅವರು ಒಂದು ಕಟ್ಟು ಕೊಡುತ್ತಿದ್ದರು. ಹಳೆಯ ಯಾದಿಯಿಂದ ಆರಿಸಿದ ಇನ್ನೂರು ಗೆಲಾಕ್ಸಿಗಳ ಬಣ್ಣದ ಚಿತ್ರಗಳು, ಹಾಳೆಗೊಂದು. ಕ್ರಮಾಂಕ ಮುಚ್ಚಿ, ಇಸ್ಪೀಟಿನ ಎಲೆ ಕಲಸಿದ ಹಾಗೆ ಕಲಸಿ ಕೊಡುತ್ತಿದ್ದರು, ಯಾವುದು ಯಾವುದೆಂದು ಗೊತ್ತಾಗಬಾರದು. ಬೆಳಕು ಗೆಲಾಕ್ಸಿಯದೇ ಅನ್ನಿಸಿದರೆ ಟಿಕ್ಕು, ಅಲ್ಲ ಅನ್ನಿಸಿದರೆ ಕಾಟು, ತಿಳಿಯದಿದ್ದರೆ ಪ್ರಶ್ನಾರ್ಥಕ, ಕೆಳಗೆ ಒಂದು ಸಾಲಿನ ಕಾರಣ. ಅವರ ಗುರುತುಗಳಿಗೂ ನಮ್ಮ ಗುರುತುಗಳಿಗೂ ತಾಳೆ ನೋಡುತ್ತಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ನೋಡುವಂತಿರಲಿಲ್ಲ. "ಒಂದೊಂದು ಮಷೀನಿನ್ಯಾಗ ಒಂದೊಂದು ನೀಲಿ ರೀ. ಕಾಗದ ಹಿಡ್ಕೊಂಡು ಖಿಡಕಿ ಹತ್ರ ಹೋಗ್ರಿ" ಎನ್ನುತ್ತಿದ್ದರು. ಸರಿ, ತಪ್ಪು ಎಂದು ಯಾವತ್ತೂ ಹೇಳುತ್ತಿರಲಿಲ್ಲ. "ಯಾಕ?" ಎಂದಷ್ಟೇ ಕೇಳುತ್ತಿದ್ದರು. ಒಂದು ದಿನ ಸಾಕಾಗಿ "ಇದು ಖಾತ್ರಿ ಅದ ರೀ ಸರ್" ಎಂದೆ. "ಖಾತ್ರಿ ಇದ್ದವರು ವಾಪಸ್ ಹೋಗ್ರಿ. ಸಂಶೆ ಇದ್ದವರು ಊಟಕ್ಕ ಹೋಗ್ರಿ" ಎಂದರು. ಅಂದು ನನಗೆ ಊಟ ತಡವಾಯಿತು.

ಕಟ್ಟಿನ ನಡುವೆ ಎಲ್ಲೋ ಆ ಹಾಳೆ ಬಂತು. ಮುರಿದ ಬಳೆಯಂಥ ಒಂದು ಗೆಲಾಕ್ಸಿ, ಮುರಿದ ಜಾಗದಲ್ಲೇ ಒಂದು ನೀಲಿ ಚುಕ್ಕೆ. ಬಳೆಯೆಲ್ಲ ಮಸುಕು, ಚುಕ್ಕೆ ಮಾತ್ರ ಪಕ್ಕದ ತಾರೆಗಳಷ್ಟೇ ಚೂಪು. ನಾನು ಕಾಟು ಹಾಕಿ, 'ಮುಂದೆ ನಿಂತ ತಾರೆ' ಎಂದು ಬರೆದು, ಮುಂದಿನದನ್ನು ಎತ್ತಿಕೊಂಡೆ. ವಿಶೇಷವೇನೂ ಅನ್ನಿಸಲಿಲ್ಲ.

ನಮ್ಮ ಕೋಣೆಯಲ್ಲಿ ಒಬ್ಬ ಹಿರಿಯ ಸಹಾಯಕ ಇದ್ದ. ಸುಹಾಸ್ ಎನ್ನೋಣ, ನಿಜವಾದ ಹೆಸರಲ್ಲ. ಮರಾಠಿಯವ, ನನಗಿಂತ ಹತ್ತು ವರ್ಷ ಮೊದಲು ಇದೇ ಕಟ್ಟು ನೋಡಿ ಕೆಲಸ ಖಾಯಂ ಮಾಡಿಕೊಂಡವನು. ನಾನು ಕಟ್ಟು ಶುರುಮಾಡಿದಾಗ ಅವನು ರಜೆಯಲ್ಲಿದ್ದ. ಮರಳಿ ಬಂದ ದಿನವೇ ಕ್ಯಾಂಟೀನಿನಲ್ಲಿ ಚಹಾ ಕೊಡಿಸಿ, "ತುಟಲೇಲೀ ಬಾಂಗಡೀ ಪಾಹಿಲೀಸ್ ಕಾ?" ಎಂದ. ಮುರಿದ ಬಳೆ ನೋಡಿದೆಯಾ? ಚಹಾ ಕೊಡಿಸಿದಾಗಲೇ ನನಗೆ ಅನುಮಾನ ಬಂದಿತ್ತು. ನೋಡಿದೆ, ಕಾಟು ಹಾಕಿದೆ ಎಂದೆ. ಅವನು ಕಪ್ಪು ಕೆಳಗಿಟ್ಟ.

ಆಮೇಲೆ ಅವನು ಮರಾಠಿಯಲ್ಲಿ ಹೇಳಿದ್ದರ ಸಾರ ಇದು. ಅದು ಸರ್ ಅವರ ಗೆಲಾಕ್ಸಿ. ಯಾದಿಯಲ್ಲಿರುವ ಉಳಿದವೆಲ್ಲ ಯಾರ್ಯಾರೋ ಹುಡುಕಿದವು. ಇದೊಂದನ್ನು ಮಾತ್ರ ಅವರು ಹುಡುಗರಾಗಿದ್ದಾಗ, ಗಾಜಿನ ಫಲಕದ ಮೇಲೆ, ಸ್ವಂತ ಕಣ್ಣಿನಿಂದ ಹುಡುಕಿದ್ದು. ಅದರ ಫೋಟೊ ಮೇಲಿನ ಮಹಡಿಯ ಗ್ರಂಥಾಲಯದ ಹೊರಗೆ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಹೊಸಬರ ಕಟ್ಟಿನಲ್ಲಿ ಅದನ್ನೂ ಸೇರಿಸುತ್ತಾರೆ, ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಇಲ್ಲಿಗೆ ಬಂದ ಎಲ್ಲರಿಗೂ ಕಟ್ಟು ಸಿಕ್ಕ ವಾರದಲ್ಲೇ ಹಿಂದಿನವರು ಕಿವಿಯಲ್ಲಿ ಹೇಳುತ್ತಾರೆ, ಬಳೆ ಕಂಡರೆ ಟಿಕ್ಕು ಹಾಕು, 'ಹೊಸ ತಾರೆಗಳ ಗುಂಪು' ಎಂದು ಬರೆ ಎಂದು. ಸುಹಾಸನೂ ಹಾಕಿದ್ದ. ಅವನು ರಜೆಯಲ್ಲಿದ್ದುದರಿಂದ ನನ್ನ ಕಿವಿಗೆ ತಡವಾಗಿ ಬಿತ್ತು. "ನಿನ್ನ ಕಟ್ಟು ಇನ್ನೂ ಒಪ್ಪಿಸಿಲ್ಲವಲ್ಲ, ಬದಲಾಯಿಸು. ಮುದುಕರ ಮನಸ್ಸು ಉಳಿಯುತ್ತದೆ, ನಿನ್ನ ಗುತ್ತಿಗೆಯೂ ಮುಂದುವರಿಯುತ್ತದೆ" ಎಂದ.

ಇವನಿಗೇನು ಬೇಕಾಗಿದೆ ಎಂದು ಯೋಚಿಸುತ್ತಲೇ ಮೇಲಿನ ಮಹಡಿಗೆ ಹೋದೆ. ಫೋಟೊ ಇತ್ತು. ಕಪ್ಪುಬಿಳುಪು, ಅದೇ ಬಳೆ, ಕೆಳಗೆ ಸಣ್ಣ ಅಕ್ಷರದಲ್ಲಿ ಯಾದಿಯ ಕ್ರಮಾಂಕ, ಅವರ ಹೆಸರು. ಗಾಜನ್ನು ಯಾರೋ ದಿನವೂ ಒರೆಸುತ್ತಿದ್ದ ಹಾಗಿತ್ತು. ಯಾರು ಎಂದು ಕೇಳುವ ಅಗತ್ಯ ಇರಲಿಲ್ಲ. ಇಂದಾಪುರದ ಲಾರಿ ಕಣ್ಣಮುಂದೆ ಬಂತು.

ಕೆಳಗೆ ಬಂದು ಆ ಕ್ರಮಾಂಕದ ಚಿತ್ರದ ಇನ್ನೊಂದು ಪ್ರತಿ ಅಚ್ಚು ತೆಗೆದು, ಟಿಕ್ಕು ಹಾಕಿದೆ. ಕಾರಣದ ಸಾಲಿನಲ್ಲಿ 'ಹೊಸ ತಾರೆಗಳ ಗುಂಪು ಇರಬಹುದು, ಪೂರ್ತಿ ಖಚಿತವಿಲ್ಲ' ಎಂದು ಬರೆದೆ. ಅವರ ಸ್ವಭಾವ ನನಗೆ ಗೊತ್ತಿತ್ತಲ್ಲ, ನಿಜದ ಹಾಗೆ ಕಾಣಲಿ ಎಂದು ಒಂದು ಚಿಟಿಕೆ ಸಂಶಯ ಬೆರೆಸಿದೆ. ಇದನ್ನು ಇಲ್ಲಿ ಬಿಡಿಸಿ ಬರೆಯಬೇಕು: ಆ ಚಿತ್ರವನ್ನು ನಾನು ಎರಡನೇ ಸಲ ನೋಡಲೇ ಇಲ್ಲ. ಹೊಸ ಹಾಳೆಯನ್ನು ಕಟ್ಟಿಗೆ ಸೇರಿಸಿ ಒಪ್ಪಿಸಿದೆ. ಹಳೆಯ ಹಾಳೆಯನ್ನು ಹರಿದು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬೇಕಿತ್ತು. ಕೈ ತನ್ನ ಪಾಡಿಗೆ ತಾನು ಅದನ್ನು ಪಾಠಕೋರಾ ಡಬ್ಬಿಗೆ ಹಾಕಿಬಿಟ್ಟಿತು. ಬೇರೆ ಯಾವ ಆಫೀಸಿನ ಕಳ್ಳರೂ ಇಂಥ ತಪ್ಪು ಮಾಡಲಾರರು.

ಎಂಟು ದಿನದ ಮೇಲೆ ಸರ್ ಕರೆದರು. ಮೇಜಿನ ಮೇಲೆ ಎರಡು ಹಾಳೆಗಳು ಅಕ್ಕಪಕ್ಕ ಇದ್ದವು. ಒಂದರ ಬೆನ್ನ ಮೇಲೆ ಅವರ ಕೈಬರಹದಲ್ಲಿ ಎರಡು ಗುಳಿಗೆಗಳ ಹೆಸರು ಬರೆದು ನಿಲ್ಲಿಸಿದ್ದು, ತಿರುವಿದಾಗ ನನಗೂ ಕಾಣಿಸಿತು.

"ಇದು ನಿಮ್ಮ ಅಕ್ಷರೇನ್ರಿ?"

"ಹೌದ್ರಿ ಸರ್."

"ಇ‌ದೂ?"

"ಹೌದ್ರಿ."

"ಒಂದರಾಗ ಕಾಟು, ಒಂದರಾಗ ಟಿಕ್ಕು. ನಡುವ ಏನಾತ್ರಿ?"

ಆ ಕಡೆಯ ಮೇಜಿನಲ್ಲಿ ಸುಹಾಸ್ ತಲೆ ಎತ್ತದೆ ಏನನ್ನೋ ಬರೆಯುತ್ತಿದ್ದ. ಬರೆಯುವಂಥದ್ದು ಅವನೆದುರು ಏನೂ ಇರಲಿಲ್ಲ.

"ಮೊದಲ್ನೇ ಸಲ ಗಡಿಬಿಡಿ ಆಗಿತ್ರಿ ಸರ್" ಎಂದೆ. "ಆಮ್ಯಾಲ ಸಂಶೆ ಬಂತು. ಖಿಡಕಿ ಹತ್ರ ಹೋಗಿ ಎರಡ್ನೇ ಸಲ ನೋಡ್ದೆ. ಗುಂಪು ಇರಬೇಕು ಅನಸ್ತು."

ಅವರು ನನ್ನ ಮುಖವನ್ನು ನೋಡಿದರು. ಕಂಡಕ್ಟರನನ್ನು, ಹಾಲಿನವನನ್ನು, ಪಂಚಾಂಗವನ್ನು ಕೂಡ ಎರಡೆರಡು ಸಲ ಕೇಳುವ ಮನುಷ್ಯ ನನ್ನನ್ನು ಎರಡನೇ ಸಲ ಕೇಳಲಿಲ್ಲ. "ಅಡ್ಡಿಯಿಲ್ಲ, ಹೋಗ್ರಿ" ಎಂದರು. ನನಗೆ ಜೀವ ಬಂದ ಹಾಗಾಯಿತು, ಆದರೆ ನನ್ನ ಜಾಗಕ್ಕೆ ಬಂದು ಕೂತ ಮೇಲೆ ಅನುಮಾನ ಶುರುವಾಯಿತು. ಇಷ್ಟು ಸುಲಭವಾಗಿ ಬಿಟ್ಟರೇಕೆ?

ಅದೇ ವಾರ ಅವರು ಬೆಟ್ಟದ ಮೇಲಿನ ಒಂದು ದೂರದರ್ಶಕದವರಿಗೆ ಪತ್ರ ಬರೆದರೆಂದು ಸುಹಾಸನಿಂದ ತಿಳಿಯಿತು. ಗೆಲಾಕ್ಸಿಯ ನಡುಭಾಗದ ಬೆಳಕನ್ನು ಹಿಂದೆ ಯಾರೋ ಬಣ್ಣ ಬಣ್ಣವಾಗಿ ಬಿಡಿಸಿ ಅಳೆದಿದ್ದರಂತೆ. ಆ ಚುಕ್ಕೆಯ ಬೆಳಕನ್ನು ಮಾತ್ರ ಬೇರೆಯಾಗಿ ಯಾರೂ ಅಳೆದಿರಲಿಲ್ಲ. ಅದನ್ನು ಅಳೆದುಕೊಡಿ ಎಂದು ಕೇಳಿದ್ದರು. ಫಲಿತಾಂಶ ಬರಲು ತಿಂಗಳುಗಳೇ ಹಿಡಿದವು. ಆ ತಿಂಗಳುಗಳಲ್ಲಿ ಸುಹಾಸ್ ನನ್ನ ಜೊತೆ ಚಹಾಕ್ಕೆ ಬರುವುದನ್ನು ಬಿಟ್ಟ. ನಾನು ಬಾಯಿ ಬಿಟ್ಟೇನು ಎಂದು ಅವನಿಗೆ ಅನುಮಾನ, ಅವನು ಬಿಟ್ಟಾನು ಎಂದು ನನಗೆ.

ನಡುವೆ ನನ್ನ ವರ್ಷ ಮುಗಿಯಿತು, ಗುತ್ತಿಗೆ ಮುಂದುವರಿಯಿತು. ಸರ್ ಬರೆದ ಸಾಲನ್ನು ಆಫೀಸಿನ ಗುಮಾಸ್ತೆ ತೋರಿಸಿದಳು: 'ತಮ್ಮ ನೋಟವನ್ನೇ ಸಂಶಯಿಸಿ ಮತ್ತೊಮ್ಮೆ ನೋಡುವ ಗುಣ ಇವರಲ್ಲಿದೆ.' ಓದಿ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಇವರಿಗೆ ಎಲ್ಲ ಗೊತ್ತಿದೆ, ನಾನಾಗಿ ಒಪ್ಪಿಕೊಳ್ಳಲಿ ಎಂದು ಕಾಯುತ್ತಿದ್ದಾರೆ ಎಂದುಕೊಂಡೆ. ಆದರೂ ಒಪ್ಪಿಕೊಳ್ಳಲಿಲ್ಲ.

ಫಲಿತಾಂಶ ಬಂದ ದಿನ ಸರ್ ನಮ್ಮಿಬ್ಬರನ್ನೂ ಕರೆದು ಆಲೇಖವನ್ನು ಮೇಜಿನ ಮೇಲೆ ಹರಡಿದರು. ಚುಕ್ಕೆ ಆ ದೂರದ ಗೆಲಾಕ್ಸಿಯದಲ್ಲ. ನಮ್ಮ ಆಕಾಶಗಂಗೆಯದೇ ಒಂದು ಪುಟ್ಟ ಬಿಸಿ ನೀಲಿ ತಾರೆ, ದಾರಿಯಲ್ಲಿ ಸುಮ್ಮನೆ ನಿಂತಿತ್ತು. "ಇವ ನಮ್ಮೂರಾವನ ಅದಾನಲ್ರಿ" ಎಂದು ನಕ್ಕರು. ನಗು ಪೂರ್ತಿಯಾಗಲಿಲ್ಲ. ಆಮೇಲೆ ಯಾದಿ ತೆಗೆದು, ಅಡಿಪಟ್ಟಿ ಇಟ್ಟು, ತಮ್ಮ ಗೆಲಾಕ್ಸಿಯ ಮೇಲೆ ತಾವೇ ಗೆರೆ ಎಳೆದರು. ಕೆಳಗಿನವನ್ನು ಮೇಲೆ ಸರಿಸಬೇಕೇ ಎಂದು ಸುಹಾಸ್ ಕೇಳಿದ. ಬೇಡ, ಆ ಕ್ರಮಾಂಕ ಖಾಲಿಯೇ ಇರಲಿ ಎಂದರು. ಅಂಚಿನ ಟಿಪ್ಪಣಿಯಲ್ಲಿ 'ತೆಗೆದುಹಾಕಿದೆ. ಮುಂದೆ ನಿಂತ ತಾರೆ. ಮೊದಲು ಗುರುತಿಸಿದವರು' ಎಂದು ಬರೆದು ಮುಂದೆ ನನ್ನ ಹೆಸರು ಸೇರಿಸಿದರು. ಅದು ಇಂದಿಗೂ ಅಲ್ಲಿದೆ.

ಅಷ್ಟಕ್ಕೆ ಮುಗಿಯಲಿಲ್ಲ. ಕಪಾಟಿನ ಬಾಗಿಲು ತೆರೆದು ಹಳೆಯ ಕಟ್ಟುಗಳನ್ನು ಇಳಿಸಿದರು. ನನಗಿಂತ ಮೊದಲು ಬಂದ ಸಹಾಯಕರೆಲ್ಲರ ಕಟ್ಟುಗಳು, ಒಟ್ಟು ಹನ್ನೊಂದು. ಪ್ರತಿಯೊಂದರಿಂದ ಬಳೆಯ ಹಾಳೆಯನ್ನು ಹೆಕ್ಕಿ ಸಾಲಾಗಿ ಜೋಡಿಸಿದರು. ಹನ್ನೊಂದೂ ಟಿಕ್ಕು. ಹನ್ನೊಂದರಲ್ಲೂ ಅದೇ ಸಾಲು, 'ಹೊಸ ತಾರೆಗಳ ಗುಂಪು', ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹೋದದ್ದು ಹಾಗೆ ಹಾಗೇ. ಅವರು ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಐದನೆಯದಕ್ಕೆ ಬರುವಷ್ಟರಲ್ಲಿ ದನಿ ಇಳಿದಿತ್ತು. ಹತ್ತನೆಯದು ಸುಹಾಸನದು. ಅದನ್ನೂ ಓದಿದರು, ಅವನ ಕಡೆ ನೋಡಲಿಲ್ಲ. ಸುಹಾಸ್ ಹೊರಗೆ ನಡೆದುಬಿಟ್ಟ.

"ಗೆಲಾಕ್ಸಿ ಹೋತು, ಹೋಗ್ಲಿ. ಅದೇನು ನಂದೇನ್ರಿ? ನಾ ಹುಟ್ಟೂಕಿಂತ ಮೊದ್ಲ ಇತ್ತು" ಎಂದರು ನನ್ನೊಬ್ಬಳಿಗೇ. "ನಂಬರ ಮುಚ್ಚಿ ಕೊಟ್ಟೆ, ಕಲಸಿ ಕೊಟ್ಟೆ. ಇಲ್ಲ ಅಂದವರನ್ನೆಲ್ಲ ಯಾಕ ಯಾಕ ಅಂತ ಕೇಳ್ದೆ. ಹೌದು ಅಂದವರನ್ನ ಒಬ್ಬರನ್ನೂ ಕೇಳ್ಲಿಲ್ಲ ನೋಡ್ರಿ. ನನ್ನ ನೋಡಿ ಒಳಗೊಳಗ ಎಷ್ಟು ನಕ್ಕಿರಬೇಕು ಮಂದಿ."

ನಕ್ಕಿರಲಿಲ್ಲ, ನಿಮ್ಮ ಮೇಲಿನ ಪ್ರೀತಿಯಿಂದ ಎಂದು ಹೇಳಬಹುದಿತ್ತು. ನನಗೂ ಹೇಳಿದ್ದರು ಎಂದು ಅದಕ್ಕೆ ಮೊದಲು ಹೇಳಬೇಕಾಗುತ್ತಿತ್ತು. ಹಾಳೆಗಳನ್ನು ಎಣಿಸಿ ಅವುಗಳ ಕಟ್ಟುಗಳಿಗೆ ಮರಳಿ ಸೇರಿಸತೊಡಗಿದೆ.

ಅಂದಿನಿಂದ ಅವರು ಕ್ಯಾಂಟೀನಿಗೆ ಹೋಗುವುದನ್ನು ನಿಲ್ಲಿಸಿದರು. ಮನೆಯಿಂದ ಥರ್ಮಾಸಿನಲ್ಲಿ ಚಹಾ ತಂದು ಕೋಣೆಯಲ್ಲೇ ಕುಡಿಯುತ್ತಿದ್ದರು, ಮುಚ್ಚಳದಲ್ಲಿ ಅರ್ಧ ನನಗೂ ಸುರಿದು ಕೊಡುತ್ತಿದ್ದರು. ಯಾರನ್ನೂ ಬೈಯಲಿಲ್ಲ. ಗ್ರಂಥಾಲಯದ ಹೊರಗಿನ ಫೋಟೊವನ್ನು ತಾವೇ ಸ್ಟೂಲು ಹತ್ತಿ ಇಳಿಸಿದರು. ಗೋಡೆಯ ಮೇಲೆ ಆ ಜಾಗದ ಬಣ್ಣ ಬೇರೆಯಾಗಿ ಉಳಿಯಿತು. ಯಾರಾದರೂ ಚೆನ್ನಾಗಿದ್ದೀರಾ ಸರ್ ಎಂದರೆ, ಕೇಳಿದವರ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡುತ್ತಿದ್ದರು.

ಮಾಸ್ತರರು ಬರೆದ ತಾರೀಖಿನ ಪ್ರಕಾರ ಮೇ ಮೂವತ್ತೊಂದಕ್ಕೆ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಶಾಲು, ಶ್ರೀಫಲ, ಭಾಷಣಗಳು. ಹಳಬರೂ ಬಂದಿದ್ದರು, ಹನ್ನೊಂದರಲ್ಲಿ ಆರೇಳು ಜನ ಮುಂದಿನ ಸಾಲಿನಲ್ಲೇ ಇದ್ದರು. ಸರ್ ಮರಾಠಿಯಲ್ಲಿ ಎರಡೇ ನಿಮಿಷ ಮಾತಾಡಿದರು. ಹನ್ನೊಂದು ಜನ ಒಂದು ಸಲ ನೋಡಿದರು, ಈ ಹುಡುಗಿ ಎರಡು ಸಲ ನೋಡಿದಳು. ಎರಡನೇ ಸಲ ತಪ್ಪಿದಳು ನಿಜ, ಆದರೆ ನೋಡಿ ತಪ್ಪಿದಳು. ಯಾದಿಯನ್ನು ಇವಳ ಕೈಗೆ ಕೊಟ್ಟು ಹೋಗಲು ನನಗೆ ಭಯವಿಲ್ಲ ಎಂದರು. ಮೊದಲು ಚಪ್ಪಾಳೆ ತಟ್ಟಿದವನು ಸುಹಾಸ್. ನಾನು ಎದ್ದು ನಿಂತು ಕೈಮುಗಿದೆ. ಸಂಪಾದಕರು ಕೇಳಿದ ಹೊಗಳಿಕೆ ಇದೇ.

ಆ ಮಾತಿನ ಮೇಲೆ ನಾನು ಬದುಕು ಕಟ್ಟಿಕೊಂಡೆ. ಕೆಲಸ ಖಾಯಂ ಆಯಿತು. ಅಪ್ಪ ಕೊಂಢವಾದ ಸೈಟಿನಲ್ಲಿ ಎಲ್ಲರಿಗೂ ಪೇಢೆ ಹಂಚಿದ. ಇಂದಾಪುರದವನಿಗೆ ಬೇರೆ ಹುಡುಗಿ ಸಿಕ್ಕಳು. ಹೊಸಬರಿಗೆ ಕಟ್ಟು ಕಲಸಿ ಕೊಡುವವಳು ಈಗ ನಾನೇ. ಎರಡು ಸಲ ನೋಡುವ ಮೇಡಂ ಎಂದು ಅವರು ತಮ್ಮೊಳಗೆ ಅನ್ನುತ್ತಾರಂತೆ. ನನ್ನೆದುರು ಹೌದು ಎನ್ನುವವರನ್ನೆಲ್ಲ ನಾನು ಅನುಮಾನದಿಂದಲೇ ನೋಡುತ್ತೇನೆ. ಅವರು ಹೌದು ಎನ್ನುವುದು ಹೇಗೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎರಡು ವರ್ಷದ ಮೇಲೆ ಅವರಿಗೆ ಹುಷಾರಿಲ್ಲವೆಂದು ಗೊತ್ತಾಗಿ, ಒಂದು ಭಾನುವಾರ ಬೆಳಿಗ್ಗೆ ಧನಕವಡಿಯ ಮನೆಗೆ ಹೋದೆ. ತುಂಬ ಇಳಿದುಹೋಗಿದ್ದರು. ಮೂವರು ಡಾಕ್ಟರರನ್ನು ಕೇಳಿ, ಮೂವರೂ ಒಂದೇ ಮಾತು ಹೇಳಿದ್ದರಿಂದ, ಮೂವರೂ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡಿರಬಹುದು ಎಂದು ಅನುಮಾನಪಡುತ್ತಿದ್ದರು. "ನಿಮ್ಮ ಸರ್ ಅವರಿಗೆ ಬ್ಯಾನಿಗಿಂತ ಸಂಶೇದ ತ್ರಾಸ ಭಾಳ ಆಗೇದ ನೋಡವಾ" ಎಂದು ಅವರ ಮನೆಯವರು, ನಾನು ಕಾಕು ಎನ್ನುತ್ತಿದ್ದವರು, ನಗುತ್ತಾ ಒಳಗೆ ಚಹಾ ಇಡಲು ಹೋದರು. ಸರ್ ತೊಡೆಯ ಮೇಲೆ ಗುಳಿಗೆಗಳ ಚೀಲ ಇಟ್ಟುಕೊಂಡು ಒಂದೊಂದರ ಬೆನ್ನಿನ ತಾರೀಖು ಓದುತ್ತಿದ್ದರು.

ನಾನು ಹೋದದ್ದು ಹೇಳಿಬಿಡಬೇಕೆಂದೇ. ಅವರಿಗಾಗಿಯೋ ನನಗಾಗಿಯೋ ಎಂದು ಈಗ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಆದರೆ ಒಂದು ನಂಬಿಕೆ ಗಟ್ಟಿಯಾಗಿತ್ತು: ಇಂಥ ಮನುಷ್ಯನಿಗೆ ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಗೊತ್ತಿದ್ದೂ ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದಾರೆ. ನಾನು ಬಾಯಿಬಿಟ್ಟು ಹೇಳಿದರೆ, ಅಂತೂ ಹೇಳಿದ್ರಿ ಎಂದು ನಗುತ್ತಾರೆ, ಇಬ್ಬರಿಗೂ ಹಗುರಾಗುತ್ತದೆ.

"ಸರ್, ಆ ಬಳಿ ಹಾಳಿ ರೀ" ಎಂದೆ. "ನಾ ಅದನ್ನ ಎರಡ್ನೇ ಸಲ ನೋಡಿರಲಿಲ್ರಿ. ಅದು ನಿಮ್ದು ಅಂತ ಸುಹಾಸ್ ಹೇಳ್ದ. ಕೆಲಸ ಹೋಗ್ತದ ಅಂತ ಅಂಜಿ ಟಿಕ್ಕು ಹಾಕ್ದೆ. ನಿಮ್ಮ ಮುಂದ ಸುಳ್ಳ ಹೇಳ್ದೆ. ನಿಮಗದು ಗೊತ್ತಿತ್ತು, ಅಲ್ರಿ?"

ಅವರ ಕೈಯಲ್ಲಿನ ಗುಳಿಗೆಯ ಪಟ್ಟಿ ಅಲ್ಲೇ ನಿಂತಿತು. ಕನ್ನಡಕ ತೆಗೆದು, ನನ್ನನ್ನಲ್ಲ, ಬಾಗಿಲ ಕಡೆಗೆ ನೋಡಿದರು.

"ಇಲ್ರಿ" ಎಂದರು. "ನಿಮ್ಮನ್ನ ನಾ ನಂಬಿದ್ದೆನಲ್ರಿ."

ಕಾಕು ಚಹಾ ತಂದರು. ಕುಡಿದೆವು. ಕಾಕು ಅವಲಕ್ಕಿ ಮಾಡಲೇ ಎಂದರು, ಬೇಡ ಎಂದೆ. ಸರ್ ಸಿಟ್ಟು ಮಾಡಲಿಲ್ಲ. ಬೈದಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ. ನನ್ನ ಭಾರ ಇಳಿಸಿಕೊಳ್ಳಲು ಬಂದು, ಅವರು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ ಒಂದೇ ಒಂದು ನಂಬಿಕೆಯನ್ನು ಅವರ ಕೈಯಿಂದ ಕಿತ್ತುಕೊಂಡಿದ್ದೆ. ಅದು ಕೂತಲ್ಲೇ ನನಗೆ ತಿಳಿಯಿತು, ಮತ್ತು ತಿಳಿದು ಏನೂ ಉಪಯೋಗವಿರಲಿಲ್ಲ.

ಏಳುವಾಗ ಅವರೂ ಗೋಡೆ ಹಿಡಿದು ಎದ್ದು ಬಾಗಿಲ ತನಕ ಬಂದರು. ನಾನು ಚಪ್ಪಲಿ ಮೆಟ್ಟುತ್ತಿದ್ದೆ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ" ಎಂದರು. "ಈಗ ಹೇಳಿದ್ರಲ್ಲಾ, ಇದಾದ್ರೂ ಖರೇ ಏನ್ರಿ?"

"ಖರೇ ರೀ ಸರ್" ಎಂದೆ.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡುತ್ತ ನಿಂತರು. ನಂಬಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.